ಡ್ರೈವರ್ ಸೀಟಿನ ಕೌದಿ

ಕಳೆದ ವಾರ ಕಬ್ಬಿನ ಟ್ರ್ಯಾಕ್ಟರಿನವನೊಬ್ಬ ಚಿಕ್ಕೋಡಿಯ ನಮ್ಮ ಓಣಿಯ ತುದಿಯಲ್ಲಿ ಗಾಡಿ ನಿಲ್ಲಿಸಿ, ಅವರಿವರನ್ನು ವಿಚಾರಿಸುತ್ತ ಬಂದು, ಗೊಬ್ಬರದ ಹಳೆಯ ಚೀಲವೊಂದನ್ನು ನನ್ನ ಕೈಗಿಟ್ಟ. "ಗಾಡಿ ಹೊಡೀತಿದ್ದ ಕಾಕುರ ಮನಿಗೆ ಮುಟ್ಸು ಅಂದಾರ್ರಿ. ಅವ್ರು ಸಿಗಲಿಲ್ಲಂದ್ರ ಬಾಜೂ ಮನಿ ಟೀಚರಬಾಯಿಗೆ ಕೊಡು ಅಂದಾರ. ಶಿರಗುಪ್ಪಿ ಕಡಿಂದ" ಎಂದ. ಯಾರು ಕೊಟ್ಟರು, ಯಾಕೆ ಕೊಟ್ಟರು ಎಂದು ಕೇಳುವಷ್ಟರಲ್ಲಿ ಅವನ ಎರಡು ಟ್ರಾಲಿಗಳ ಹಿಂದೆ ಸಿಕ್ಕಿಬಿದ್ದ ಬಸ್ಸೊಂದು ಹಾರ್ನ್ ಹೊಡೆಯತೊಡಗಿತು. ಅವನು ಓಡಿದ.

ಚೀಲದ ಬಾಯಿ ಬಿಚ್ಚಿದೆ. ಮೊದಲು ಬಂದದ್ದು ಬೆಲ್ಲದ ವಾಸನೆ... ಅದರ ಹಿಂದೆ ಹೊಳೆಯ ರಾಡಿಯ ವಾಸನೆ, ನಾಲ್ಕು ಸಲ ಒಗೆದು ಬಿಸಿಲಿಗೆ ಹಾಕಿದರೂ ಹೋಗದಂಥದ್ದು. ಒಳಗಿದ್ದದ್ದು ಒಂದು ಕೌದಿ. ಹಸಿರು ತುಂಡು ಕಾಕುವಿನ ಮದುವೆ ಸೀರೆಯದು, ಪಟ್ಟೆಪಟ್ಟೆಯದು ಅವರ ಯಜಮಾನರ ಅಂಗಿಯದು, ಮೂಲೆಯ ನೀಲಿ ಚೌಕ ನನ್ನ ಹಳೆಯ ಕಾಟನ್ ಸೀರೆಯದು. ಮೂಗಿಗೆ ಒತ್ತಿಕೊಂಡಾಗ ತಳದಲ್ಲೆಲ್ಲೋ ಪೆಟ್ರೋಲಿನ ವಾಸನೆಯೂ ಬಂದಂತಾಯಿತು. ಇಷ್ಟು ವರ್ಷ ಅದು ಉಳಿದಿರಲಾರದು, ನನ್ನ ಮೂಗಿನ ಹಟ ಇರಬೇಕು.

ಖುಷಿಯಾಗಬೇಕಿತ್ತು, ಆದರೆ ಹೆದರಿಕೆಯಾಯಿತು. ಈ ಕೌದಿ ನಮ್ಮ ಮನೆಯಲ್ಲಿ ಇರಬೇಕಾದ್ದಲ್ಲ. ಶಿರಗುಪ್ಪಿಯ ಕಡೆ, ಹೊಳೆದಂಡೆಯ ಒಂದು ಹೊಲದಲ್ಲಿ, ಒಂದು ಕಲ್ಲಿನ ಜೊತೆಗೆ ಇರಲಿ ಎಂದು ಕಾಕು ತಮ್ಮ ಕೈಯಾರೆ ಬಿಟ್ಟು ಬಂದದ್ದು. ಎರಡು ಮಳೆಗಾಲದ ಹಿಂದೆ ಕೃಷ್ಣೆ ಏರಿ ಆ ಕಡೆಯ ಹೊಲಗಳೆಲ್ಲ ನೀರಿನಡಿ ಹೋಗಿದ್ದವು. ಈಗ ಕೌದಿಯೊಂದೇ ಮರಳಿ ಬಂದಿದೆ ಎಂದರೆ ಆ ಕಲ್ಲು...

ಕಾಕು ನಮ್ಮ ಪಕ್ಕದ ಮನೆಯವರು. ಜೈನರು. ಓಣಿಯ ಚಿಕ್ಕವರು ದೊಡ್ಡವರು ಎಲ್ಲರಿಗೂ ಅವರು ಕಾಕುವೇ, ಅಂದರೆ ಚಿಕ್ಕಮ್ಮ. ಯಜಮಾನರಿಗೆ ಬಟ್ಟೆಯ ವ್ಯಾಪಾರವಿತ್ತು. ಅವರು ತೀರಿಕೊಂಡ ಮೇಲೆ ಅವರ ಬಿಳಿ ಸಣ್ಣ ಕಾರು ಒಂದು ವರ್ಷ ಅಂಗಳದಲ್ಲಿ ಮುಸುಕು ಹಾಕಿಕೊಂಡು ನಿಂತಿತ್ತು. ಕೊಟ್ಟುಬಿಡಿ, ಸುಮ್ಮನೆ ಜಂಗು ಹಿಡಿಯುತ್ತದೆ ಎಂದು ಮಂದಿ ಹೇಳಿದ್ದೇ ಹೇಳಿದ್ದು. ಕಾಕು ಯಾರಿಗೂ ಎದುರಾಡಲಿಲ್ಲ. ಐವತ್ತೆಂಟನೆಯ ವಯಸ್ಸಿನಲ್ಲಿ ಒಂದು ದಿನ ಸೆರಗು ಸಿಕ್ಕಿಸಿಕೊಂಡು ಡ್ರೈವಿಂಗ್ ಕಲಿಯಲು ಹೋಗಿಬಿಟ್ಟರು.

ಎತ್ತರ ನಾಲ್ಕೂವರೆ ಅಡಿ. ಸೀಟಿನ ಮೇಲೆ ದಿಂಬು ಇಟ್ಟರೂ ಹೊರಗಿನಿಂದ ನೋಡುವವರಿಗೆ ಅವರ ತುರುಬಿನ ಅಂಬಾಡೆಯಷ್ಟೇ ಕಾಣುತ್ತಿತ್ತು. ಡ್ರೈವರ್ ಇಲ್ಲದ ಕಾರು ಬಂತು, ಸರಿಯಿರಿ ಎಂದು ಓಣಿಯವರು ನಗುತ್ತಿದ್ದರು. ಚಪ್ಪಲಿ ಹಾಕಿಕೊಂಡರೆ ಕಾಲಿಗೆ ಗಾಡಿ ತಿಳಿಯುವುದಿಲ್ಲ ಎಂದು ಬರಿಗಾಲಲ್ಲೇ ಓಡಿಸುತ್ತಿದ್ದರು. ಅವರ ಎಡಗಾಲಿಗೆ ಆರು ಬೆರಳು. "ಕ್ಲಚ್ ಒತ್ತೂ ಕಾಲಿಗೆ ಒಂದ್ ಬಳ್ಳ ಜಾಸ್ತಿ ಕೊಟ್ಟ ಕಳಿಸ್ಯಾರ ಟೀಚರಬಾಯಿ, ಸುಮ್ಮಸುಮ್ಮನ ಕೊಟ್ಟಿಲ್ಲ" ಎನ್ನುತ್ತಿದ್ದರು. ನನ್ನ ಹತ್ತಿರವೂ ಲೈಸೆನ್ಸ್ ಇತ್ತು. ಪರೀಕ್ಷೆಯ ದಿನ ಹಿಡಿದ ಸ್ಟೀರಿಂಗನ್ನು ನಾನು ಆಮೇಲೆ ಮುಟ್ಟಿರಲಿಲ್ಲ. ಶಾಲೆಯಲ್ಲಿ ಲೆಕ್ಕ ಹೇಳಿಕೊಡುವವಳು ನಾನು, ಎದುರಿಗೆ ಬರುವ ಲಾರಿಯ ವೇಗವನ್ನು ಮನಸ್ಸಿನಲ್ಲೇ ಲೆಕ್ಕ ಹಾಕಿ ಹಾಕಿ ಹೆದರುತ್ತಿದ್ದೆ.

ಆರು ಬೆರಳು ಕಾಕುವಿಗೆ ಬಂದದ್ದು ಅವರ ಮುತ್ತಜ್ಜಿಯಿಂದಂತೆ. ಆ ಮುತ್ತಜ್ಜಿ ಬಹಳ ವಯಸ್ಸಾದ ಮೇಲೆ, ಇನ್ನು ಸಾಕು ಎನಿಸಿದಾಗ, ಹೊಳೆದಂಡೆಯ ತಮ್ಮ ಹೊಲದಲ್ಲೇ ಸಲ್ಲೇಖನ ವ್ರತ ಹಿಡಿದು, ಮೊದಲು ಅನ್ನ ಬಿಟ್ಟು, ಆಮೇಲೆ ನೀರು ಬಿಟ್ಟು, ಬಂದವರೊಂದಿಗೆಲ್ಲ ಶಾಂತವಾಗಿ ಮಾತಾಡುತ್ತ ಹೋದರಂತೆ. ಮನೆಯವರು ಅಲ್ಲಿ ಅವರ ಎರಡು ಪಾದಗಳನ್ನು ಕೆತ್ತಿಸಿ ಒಂದು ಕಲ್ಲು ನಿಲ್ಲಿಸಿದರು. ಇದ್ದಂಗ ಇರಲಿ ಎಂದು ಹೇಳಿ ಎಡಪಾದಕ್ಕೆ ಆರು ಬೆರಳನ್ನೇ ಕೆತ್ತಿಸಿದರು. ಕಾಕು ಏಳು ವರ್ಷದವರಿದ್ದಾಗ ತಾಯಿಯ ಜೊತೆ ಚಕ್ಕಡಿಯಲ್ಲಿ ಹೋಗಿ ಆ ಕಲ್ಲಿನ ಪಾದದ ಪಕ್ಕ ತಮ್ಮ ಪಾದ ಇಟ್ಟು ನೋಡಿದ್ದರು. ಆಮೇಲೆ ಅವರ ಸೋದರಮಾವಂದಿರು ಆ ಹೊಲ ಮಾರಿಬಿಟ್ಟರು, ಆ ಕಡೆ ಹೋಗುವ ಕಾರಣವೇ ಉಳಿಯಲಿಲ್ಲ. ಕಾಕುವಿನ ತಾಯಿ ಕೊನೆಗಾಲದಲ್ಲಿ ಹೇಳಿದ್ದು ಒಂದೇ ಮಾತಂತೆ... ಆಕೆಯನ್ನು ಒಬ್ಬಾಕೆಯನ್ನೇ ಬಿಟ್ಟು ಬಂದೆವು ಎಂದು.

ಈ ಮಾತು ಕಾಕುವಿನ ಎದೆಯಲ್ಲಿ ಮುಳ್ಳಿನ ಹಾಗೆ ಕೂತಿತ್ತು. ಇವತ್ತು ಹೋಗೋಣ, ನಾಳೆ ಹೋಗೋಣ ಎಂದು ಮೂವತ್ತು ವರ್ಷ ಕಳೆದಿತ್ತು. ಆ ವರ್ಷ ನಿಪ್ಪಾಣಿಯಲ್ಲಿ ಒಂದು ಮದುವೆಗೆ ಹೋದಾಗ ಯಾರೋ ಸುದ್ದಿ ಹೇಳಿದರು, ಹೊಳೆದಂಡೆಯ ಹೊಲಗಳನ್ನೆಲ್ಲ ಜೆಸಿಬಿ ಹಚ್ಚಿ ಸಮ ಮಾಡುತ್ತಿದ್ದಾರೆ, ಹಳೆಯ ಕಲ್ಲುಗಳನ್ನೆಲ್ಲ ಒಡ್ಡಿಗೆ ಹಾಕುತ್ತಿದ್ದಾರೆ ಎಂದು. ಕಾಕು ಊಟ ಅರ್ಧಕ್ಕೆ ಬಿಟ್ಟು ಎದ್ದು ಬಂದರು. ಅಂದಿನಿಂದಲೇ ಕೌದಿ ಹೊಲಿಯಲು ಕೂತರು, ಕಲ್ಲನ್ನು ಸುತ್ತಿ ತರಲು. ಊರಿನ ಬಸದಿಯಲ್ಲಿ ಒಂದು ಮೂಲೆಯನ್ನೂ ಕೇಳಿ ಇಟ್ಟರು. ಕಾರಿನ ಡಿಕ್ಕಿಯಿಂದ ಸ್ಟೆಪ್ನಿ ತೆಗೆಸಿ ಜಾಗ ಮಾಡಿಸಿದರು. ಹಾದಿಯಲ್ಲಿ ಟಯರ್ ಪಂಕ್ಚರಾದರೆ ಏನು ಮಾಡುತ್ತೀರಿ ಎಂದು ಕೇಳಿದೆ. "ಆಗೂದಿಲ್ಲ" ಎಂದರು.

ನನ್ನನ್ನು ಜೊತೆಗೆ ಕರೆದದ್ದು ಹಾದಿ ನೋಡಲಿಕ್ಕೆ. ಲೆಕ್ಕದ ಟೀಚರು, ಎಡ ಬಲ ತಪ್ಪುವುದಿಲ್ಲ ಎಂಬ ಭರವಸೆ ಅವರದು. ನಮ್ಮ ಶಾಲೆಯ ಹಿತ್ತಿಲಲ್ಲೇ ದಾರಿ ತಪ್ಪುವವಳು ನಾನು ಎಂದು ಹೇಳುವ ಧೈರ್ಯ ನನಗಾಗಲಿಲ್ಲ.

ಭಾನುವಾರ ಬೆಳಿಗ್ಗೆ ಹೊರಟೆವು. ಕಬ್ಬು ಕಡಿಯುವ ಹಂಗಾಮು, ಚಳಿ ಇತ್ತು. ಕೌದಿ ಎಂಟು ಮಡಿಕೆಯಾಗಿ ಕಾಕುವಿನ ಕೆಳಗಿತ್ತು, ದಿಂಬಿಗಿಂತ ಅದೇ ಎತ್ತರ ಸರಿಯಾಯಿತು ಎಂದು ಅವರಿಗೆ ಸಂತೋಷ. ಗೇಟು ದಾಟುತ್ತಲೇ ನನಗೆ ಇನ್ನೊಂದು ಸುದ್ದಿ ತಿಳಿಯಿತು. ಕಾಕು ನೇಮ ಹಿಡಿದಿದ್ದರು, ಮುತ್ತಜ್ಜಿಯ ಪಾದ ಕಂಡ ಮೇಲೆಯೇ ಊಟ ಎಂದು. ಹೊತ್ತು ಮುಳುಗಿದ ಮೇಲೆ ಅವರು ಒಂದು ತುತ್ತು ತಿನ್ನುವವರಲ್ಲ, ಒಂದು ಗುಟುಕು ನೀರೂ ಕುಡಿಯುವವರಲ್ಲ. ಅಂದರೆ ಸಂಜೆಯೊಳಗೆ ಕಲ್ಲು ಸಿಗದಿದ್ದರೆ ಮರುದಿನ ಬೆಳಗಿನವರೆಗೆ ಉಪವಾಸ, ಅದೂ ದಿನವಿಡೀ ಗಾಡಿ ಹೊಡೆದ ಮೇಲೆ. ನನಗೆ ಸಿಟ್ಟು ಬಂತು. ಮೊದಲೇ ಯಾಕೆ ಹೇಳಲಿಲ್ಲ ಎಂದೆ. "ಹೇಳಿದ್ರ ನೀವು ಬರ್ತಿದ್ದಿಲ್ಲ" ಎಂದು ಗೇರು ಬದಲಿಸಿದರು.

ಶಿರಗುಪ್ಪಿಯ ಕಡೆ ಹೋಗಬೇಕಾದವರು ಮೊದಲು ಹೋದದ್ದು ಅಕ್ಕೋಳಕ್ಕೆ, ಪೂರಾ ಉಲ್ಟಾ ದಿಕ್ಕಿಗೆ. ಹೊಲದ ಗುರುತು ಬಲ್ಲವರು ಅಂತ ಉಳಿದದ್ದು ಅಕ್ಕೋಳದ ಒಬ್ಬ ಅತ್ತೆ ಮಾತ್ರ, ಕಾಕುವಿನ ತಾಯಿಯ ವಾರಿಗೆಯವರು. ತೊಂಬತ್ತರ ಹತ್ತಿರ, ಕಿವಿ ಮಂದ. ಮಾತು ಅರ್ಧ ಕನ್ನಡ ಅರ್ಧ ಮರಾಠಿ. ಅವರು ಹೇಳಿದ ಗುರುತುಗಳೆಲ್ಲ ಚೆನ್ನಾಗಿದ್ದವು, ಆದರೆ ಒಂದೂ ಈಗ ಇರುವಂಥದ್ದಲ್ಲ. ಕೆಂಪು ಎತ್ತಿನವರ ಮನೆ ದಾಟಬೇಕಂತೆ. ಆಮೇಲೆ ಮೂಗಬಸಪ್ಪನ ಹುಣಸೆಮರ. ನಾನು ಎಲ್ಲವನ್ನೂ ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಹೊರಡುವಾಗ ಅತ್ತೆ ಕಾಕುವಿನ ಕೈ ಹಿಡಿದು, "ಅಗ, ಬಾವಿ ಐತಿ ನೋಡ. ಕಮಾನಿನ ಬಾವಿ. ಕಮಾನಿನ ಮ್ಯಾಗ ಸೊಂಡಿ ಎತ್ತಿದ ಆನಿ. ಅಲ್ಲಿಂದ ಬೇವಿನ ಗಿಡಾ ಕಾಣ್ತೈತಿ, ಗಿಡದ ಬುಡಕ ಅಕಿ" ಎಂದರು. ಆನೆಯೊಂದೇ ನಂಬಬಹುದಾದ ಗುರುತು ಎಂದು ನಾನು ಅದರ ಕೆಳಗೆ ಎರಡು ಗೆರೆ ಎಳೆದೆ.

ತಿರುಗಿ ಚಿಕ್ಕೋಡಿ, ಅಲ್ಲಿಂದ ರಾಯಬಾಗದ ರಸ್ತೆ. ಕಾಕು ಕಬ್ಬಿನ ಟ್ರ್ಯಾಕ್ಟರನ್ನು ಯಾವತ್ತೂ ಓವರ್‌ಟೇಕ್ ಮಾಡುತ್ತಿರಲಿಲ್ಲ. ತುಂಬಿದ ಗಾಡಿಯನ್ನು ಹಿಂದೆ ಹಾಕಬಾರದು ಎಂದು ಅವರ ಯಜಮಾನರು ಹೇಳಿದ್ದರಂತೆ. ಆ ಹಂಗಾಮಿನಲ್ಲಿ ನಮ್ಮ ಕಡೆ ತುಂಬಿದ ಗಾಡಿ ಬಿಟ್ಟು ಬೇರೆ ಏನು ಇರುತ್ತದೆ? ಸೈಕಲ್ಲಿನವರು ನಮ್ಮನ್ನು ದಾಟಿ, ತಿರುಗಿ ನೋಡಿ, ನಗುತ್ತ ಹೋದರು. ನಡುನಡುವೆ ಕಾಕು ಗಾಡಿ ನಿಲ್ಲಿಸುತ್ತಿದ್ದರು. ಇಂಗ್ರೇಜರ ಕಾಲದ ಒಂದು ಮೈಲಿಗಲ್ಲು ಕಳ್ಳಿಸಾಲಿನಲ್ಲಿ ವಾಲಿಕೊಂಡಿತ್ತು. ಇಳಿದು ಹೋಗಿ ಅದರ ಮೇಲಿನ ಮಣ್ಣು ಒರೆಸಿ ಬಂದರು. ಒಂದು ಹಳ್ಳಿಯ ಕಟ್ಟೆಯ ಹತ್ತಿರ ಹಳೆಯ ವೀರಗಲ್ಲು, ಕುದುರೆಯ ಮೇಲಿನ ವೀರನ ಎದೆಯ ಮೇಲೆ ಹುಡುಗರು ಸುಣ್ಣದಲ್ಲಿ ಮೂರು ಸ್ಟಂಪು ಎಳೆದಿದ್ದರು. ನಾನು ಛೀ ಎಂದೆ. ಕಾಕು ಆ ಗೆರೆಗಳನ್ನು ನೋಡುತ್ತ, ಇದರ ಮುಂದೆ ದಿನಾ ಆಟ ನಡೆದಿರುತ್ತದೆ, ಬೇಸರವಂತೂ ಇರಲಿಕ್ಕಿಲ್ಲ ಎಂದರು. ಆಗ ಅದು ತಮಾಷೆಯ ಮಾತು ಎಂದುಕೊಂಡಿದ್ದೆ.

ರಾಯಬಾಗದ ಹಳೆಯ ಬಸದಿಯಲ್ಲಿ ಅವರು ಬಹಳ ಹೊತ್ತು ಕೂತರು. ಹೊರಗೆ ಬಿಸಿಲು ಏರಿತ್ತು, ಒಳಗೆ ಕಲ್ಲಿನ ನೆಲ ತಂಪಾಗಿತ್ತು. ಕಾಕು ಒಂದು ಕಂಬಕ್ಕೆ ಬೆನ್ನು ಹಚ್ಚಿ ಕಣ್ಣು ಮುಚ್ಚಿದರು. ಮುಖ ಬಾಡಿತ್ತು. ನನ್ನ ಚೀಲದಲ್ಲಿ ಶೇಂಗಾ ಹೋಳಿಗೆ ಇತ್ತು, ತೆಗೆಯಲು ಮನಸ್ಸಾಗಲಿಲ್ಲ. ಆಮೇಲೆ ಬಸದಿಯ ಹಿಂದೆ ಹೋಗಿ, ಗೋಡೆಯ ಕಡೆ ಮುಖ ಮಾಡಿ, ಕಳ್ಳಿಯ ಹಾಗೆ ಅರ್ಧ ಹೋಳಿಗೆ ತಿಂದೆ. ತಿರುಗಿದರೆ ಕಾಕು ನೀರಿನ ಬಾಟಲಿ ಹಿಡಿದುಕೊಂಡು ನಿಂತಿದ್ದರು. "ಒಣದ ತಿಂದ್ರ ಬಿಕ್ಕಳಿಕಿ ಬರ್ತಾವು" ಎಂದು ಕೊಟ್ಟರು.

ಕೃಷ್ಣೆಯ ಸೇತುವೆ ದಾಟಿ ಉಗಾರ ಬುದ್ರುಕ ಮುಟ್ಟಿದಾಗ ಎರಡು ಗಂಟೆಯ ಮೇಲಾಗಿತ್ತು. ಅಲ್ಲಿ ಬಾವಿಗಳು ಇದ್ದವು, ಆನೆ ಇರಲಿಲ್ಲ. ಒಂದು ಕಮಾನಿನ ಮೇಲೆ ಪ್ರಾಣಿಯೊಂದು ಇತ್ತು, ನಾನು ಆನೆಯೆಂದೆ, ಕಾಕು ಎಮ್ಮೆಯೆಂದರು, ಹೊಲದವನು ಬಂದು ಅದು ಹುಲಿ ಎಂದ. ಮೂರು ಸಲ ಬದುವಿನ ಹಾದಿಯಲ್ಲಿ ಕಾರು ಇಳಿಸಿ ಮೂರು ಸಲ ರಿವರ್ಸ್ ಬಂದೆವು. ಕಾಕು ರಿವರ್ಸ್ ಹೊಡೆಯುವಾಗ ಎದ್ದು ನಿಂತೇ ಹೊಡೆಯುತ್ತಿದ್ದರು. ನಾಲ್ಕು ಗಂಟೆಯಾಯಿತು. ಇನ್ನು ತಿರುಗೋಣ ಕಾಕು, ಮುಂದಿನ ವಾರ ಬರೋಣ ಎಂದು ನಾನು ಅಂಗಲಾಚಿದೆ. ಅವರು ಹೊರಗೆ ಬೆರಳು ತೋರಿಸಿದರು. ದೂರದ ಹೊಲದಲ್ಲಿ ಹಳದಿ ಜೆಸಿಬಿಯೊಂದು ಮಣ್ಣು ಎತ್ತಿ ಎತ್ತಿ ಹಾಕುತ್ತಿತ್ತು.

ಬಾವಿ ಸಿಕ್ಕದ್ದು ಶಿರಗುಪ್ಪಿಯ ಆಚೆ. ಆನೆಯ ಸೊಂಡಿಲು ಮುರಿದಿತ್ತು, ಆದರೆ ಆನೆಯೇ ಅದು. ಕಾಕು ಕಾರಿನ ಬಾಗಿಲನ್ನೂ ಹಾಕದೆ ಬದುವಿನ ಮೇಲೆ ಓಡಿದರು... ಅರವತ್ತರ ಹತ್ತಿರದ ಹೆಂಗಸು, ಬೆಳಗಿನಿಂದ ಉಪವಾಸ, ಕೌದಿಯನ್ನು ಕಂಕುಳಲ್ಲಿ ಅವುಚಿಕೊಂಡು. ನಾನು ಹಿಂದೆ.

ಬೇವಿನ ಗಿಡ ಇತ್ತು. ಅದರ ಬುಡಕ್ಕೆ ಕಲ್ಲೂ ಇತ್ತು. ಆದರೆ ಅದು ಕಾಕು ಏಳು ವರ್ಷದಲ್ಲಿ ನೋಡಿದ ಕಲ್ಲಿನ ಹಾಗಿರಲಿಲ್ಲ. ಬೆಳ್ಳಿ ಬಣ್ಣದ ಆಯಿಲ್ ಪೇಂಟು ಬಳಿದು ಫಳಫಳ ಮಾಡಿದ್ದರು. ಮೇಲೆ ಭಂಡಾರ, ಕುಂಕುಮ, ಚೆಂಡು ಹೂವಿನ ಮಾಲೆ. ಮುಂದೆ ಬಾಳೆ ಎಲೆಯ ತುಂಡಿನ ಮೇಲೆ ಜೋಳದ ರೊಟ್ಟಿ, ರೊಟ್ಟಿಯ ಮೇಲೆ ಕಡಲೆಹಿಟ್ಟಿನ ಜುಣಕ, ಜುಣಕದಲ್ಲಿ ಹೆಚ್ಚಿ ಹಾಕಿದ ಉಳ್ಳಾಗಡ್ಡಿ ಢಾಳಾಗಿ ಕಾಣುತ್ತಿತ್ತು. ಅಂದು ಆ ಹೊಲದಲ್ಲಿ ವರ್ಷದ ಮೊದಲ ಕಬ್ಬು ಕಡಿದಿದ್ದರು. ಮೊದಲ ಕಬ್ಬು ಕಡಿದ ದಿನ ಅವರು ಕಲ್ಲನ್ನು ತೊಳೆದು ಊಟ ಕೊಡುತ್ತಾರೆ.

ಕುಡಗೋಲು ಹಿಡಿದು ದನಕ್ಕೆ ಕಬ್ಬಿನ ಸೋಗೆ ಕಟ್ಟುತ್ತಿದ್ದ ಹೆಂಗಸೊಬ್ಬಳು ಎದ್ದು ಬಂದಳು. ನಲವತ್ತರ ಆಚೆಈಚೆ, ಗಟ್ಟಿ ಆಳು. ನಾನು ಮನಸ್ಸಿನಲ್ಲಿ ಅವಳನ್ನು ಇಂದಿಗೂ ಹೊಲದ ಅವ್ವ ಎಂದೇ ಕರೆಯುತ್ತೇನೆ. "ನಮ್ಮ ಹೊಲದ ಅಜ್ಜಿರಿ. ಕೈ ಮುಗೀರಿ, ಭಾಳ ಸತ್ಯುಳ್ಳಾಕಿ" ಎಂದಳು.

ಕಾಕು ಕೈ ಮುಗಿಯಲಿಲ್ಲ. ಅವರ ಕಣ್ಣು ಆ ಎಲೆಯ ಮೇಲೆಯೇ ನೆಟ್ಟಿತ್ತು. "ಅನ್ನಾ ನೀರಾ ಬಿಟ್ಟ ಹೋದಾಕಿಗೆ ಉಳ್ಳಾಗಡ್ಡಿ ಜುಣಕಾ ಇಟ್ಟೀರೇನ ಬೇ!" ಎಂದು ಕೂಗಿಬಿಟ್ಟರು. ಜೈನರ ಮನೆಯಲ್ಲಿ ಉಳ್ಳಾಗಡ್ಡಿ ಹೊಸಲು ದಾಟಿ ಒಳಗೆ ಬರುವುದಿಲ್ಲ. ಕಾಕುವಂತೂ ನಮ್ಮ ಮನೆಯಲ್ಲಿ ಒಗ್ಗರಣೆ ಬಿದ್ದರೆ ತಮ್ಮ ಕಿಟಕಿ ಹಾಕಿಕೊಳ್ಳುತ್ತಿದ್ದವರು. ಹೊಲದ ಅವ್ವನಿಗೂ ಸಿಟ್ಟು ಬಂತು. "ನಮ್ಮಜ್ಜಿಗೆ ಅದ ಸೇರತೈತ್ರಿ. ನಮ್ಮ ಮಾವ ಹೊಲಾ ಉಳಾಕ ರಂಟಿ ಹೊಡಿಯುವಾಗ ಮಣ್ಣಾಗ ಸಿಕ್ಕಾಕಿ. ಅವಾಗಿಂದ ಅದನ್ನ ಕೊಟ್ಟೇವಿ" ಎಂದಳು. ಒಂದು ಕಲ್ಲಿಗೆ ಏನು ಸೇರುತ್ತದೆ, ಏನು ಸೇರುವುದಿಲ್ಲ ಎಂದು ಇಬ್ಬರು ಹೆಂಗಸರು ಸೊಂಟಕ್ಕೆ ಕೈ ಇಟ್ಟು ಜಗಳಾಡುವುದನ್ನು ನಾನು ಮೊದಲ ಸಲ ನೋಡಿದೆ. ನಗು ಬಂದಿತ್ತು, ನಗಲಿಲ್ಲ.

ಜಗಳದ ನಡುವೆಯೇ ಕಾಕು ಬಂದ ವಿಷಯ ಹೇಳಿದರು. ಈಕೆ ನನ್ನ ಮುತ್ತಜ್ಜಿ, ಕರೆದುಕೊಂಡು ಹೋಗಲು ಬಂದಿದ್ದೇನೆ ಎಂದರು. ಹೊಲದ ಅವ್ವ ಕುಡಗೋಲು ಕೆಳಗಿಟ್ಟು, ಕಲ್ಲಿಗೆ ಬೆನ್ನು ಮಾಡಿ, ಅಡ್ಡ ಕೂತುಬಿಟ್ಟಳು. "ಜೆಸಿಬಿ ಬಂದಾಗೂ ಹಿಂಗ ಕುಂತಿದ್ನಿ. ಬಾಜೂ ಹೊಲದ್ದು ಎಲ್ಲಾ ಎಬ್ಬಿಸ್ಕೊಂಡ ಹೋದ್ರು, ಇಕಿನ್ನ ಮುಟ್ಟಗೊಡಲಿಲ್ಲ. ನೀವ್ಯಾರ್ರಿ ಮತ್ತ?" ಎಂದಳು. ಹೊತ್ತು ಕಬ್ಬಿನ ಗರಿಗಳ ಎತ್ತರಕ್ಕೆ ಇಳಿದಿತ್ತು.

ಕಾಕು ಸುಮ್ಮನೆ ಮುಂದೆ ಬಂದು, ಅವಳ ಪಕ್ಕದಿಂದ ಬಗ್ಗಿ, ಕಲ್ಲಿಗೆ ತಲೆ ಹಚ್ಚಿದರು. ಕಾರಿನಿಂದ ಬರಿಗಾಲಲ್ಲೇ ಓಡಿ ಬಂದಿದ್ದರಲ್ಲ. ರಾಡಿ ಮೆತ್ತಿದ ಅವರ ಎಡಗಾಲು ಹೊಲದ ಅವ್ವನ ಕಣ್ಣ ಮುಂದೆಯೇ ಇತ್ತು. ಅವಳು ಅದನ್ನು ನೋಡಿದಳು. ಕಲ್ಲಿನ ಕಡೆ ತಿರುಗಿದಳು. ಮತ್ತೆ ಕಾಲನ್ನು ನೋಡಿದಳು. ತಂಬಿಗೆಯಲ್ಲಿದ್ದ ನೀರನ್ನು ಮೆಲ್ಲಗೆ ಕಾಕುವಿನ ಪಾದದ ಮೇಲೆ ಸುರಿದು, ರಾಡಿ ತೊಳೆದು, ಒಂದೊಂದೇ ಬೆರಳನ್ನು ಮುಟ್ಟಿ ಮುಟ್ಟಿ ನೋಡಿದಳು. ಆರನೆಯದನ್ನು ಹಿಡಿದುಕೊಂಡು ಹಾಗೇ ಕೂತಳು.

ಆಮೇಲೆ ಎದ್ದು ಸರಿದು ನಿಂತಳು. "ಒಯ್ಯರ್ರಿ. ನಿಮ್ಮಾಕಿ" ಎಂದಳು. ಗಂಡನನ್ನು ಕರೆದಳು, ಅವನು ಹಾರೆ ತಂದ. ಕಾಕು ಕಲ್ಲಿನ ಪಕ್ಕದಲ್ಲಿ ಕೌದಿ ಹಾಸಿದರು. ಅವನು ಹಾರೆಯ ತುದಿಯನ್ನು ಬುಡಕ್ಕೆ ತೂರಿಸಿದ. ಕಲ್ಲು ಸ್ವಲ್ಪ ಅಲುಗಾಡಿತು, ಮಾಲೆಯ ಹೂವು ಎರಡು ಉದುರಿದವು. ಹೊಲದ ಅವ್ವ ಮುಖ ತಿರುಗಿಸಿಕೊಂಡು ನಿಂತಿದ್ದಳು. ಅವಳ ಬೆನ್ನು ಅಳುತ್ತಿತ್ತು.

"ತಡೀರಿ" ಎಂದರು ಕಾಕು.

ಕೌದಿಯ ಮೇಲೆ ತಾವೇ ಕೂತರು. ಎಷ್ಟು ದಿನಕ್ಕೊಮ್ಮೆ ತೊಳೆಯುತ್ತೀರಿ ಎಂದು ಕೇಳಿದರು. ಅಮಾವಾಸ್ಯೆಗೆ ಎಂದಳು ಅವಳು, ಆ ಕಡೆ ಮುಖ ಮಾಡಿಯೇ. ಮಗಳು ಬಾಣಂತನ ಮುಗಿಸಿ ಹೋಗುವಾಗ ಕೂಸನ್ನು ಇಲ್ಲೇ ಮಲಗಿಸಿದ್ದಳಂತೆ. ಗಂಡನ ಜೊತೆ ಜಗಳವಾದರೆ ತಾನು ಬಂದು ಕೂರುವುದೂ ಇಲ್ಲೇ ಅಂತೆ. ಹಾರೆ ಹಿಡಿದವನು ತಲೆ ಕೆಳಗೆ ಹಾಕಿದ. ಕಾಕು ಎಲ್ಲವನ್ನೂ ಕೇಳುತ್ತ ಬೆಳ್ಳಿ ಬಣ್ಣದ ಆ ಪಾದಗಳ ಮೇಲೆ ಕೈ ಆಡಿಸುತ್ತಿದ್ದರು. ಆಮೇಲೆ ನನ್ನ ಕಡೆ ನೋಡಿ ಹೇಳಿದರು, "ನಮ್ಮವ್ವ ಒಬ್ಬಾಕಿನ್ನ ಬಿಟ್ಟ ಬಂದೇವಿ ಅಂತ ಅತ್ಲು, ಟೀಚರಬಾಯಿ. ಇಕಿ ಎಲ್ಲಿ ಒಬ್ಬಾಕಿ ಅದಾಳ? ಅಲ್ಲಿ ಬಸದಿ ಮೂಲ್ಯಾಗ ಇಟ್ರ ಇಕಿನ್ನ ಮಾತಾಡ್ಸಾವ್ರು ಯಾರು, ನಾ ಹೋದ ಮ್ಯಾಲ?"

ಹಾರೆ ಹೊರಗೆ ಬಂತು. ಅಲುಗಿದ ಬುಡಕ್ಕೆ ಕಾಕುವೇ ಮಣ್ಣು ಒತ್ತಿದರು. ಹೊಲದ ಅವ್ವನಿಗೆ ಒಂದೇ ಕರಾರು ಹಾಕಿದರು, ಏನು ಬೇಕಾದರೂ ಕೊಡು, ಉಳ್ಳಾಗಡ್ಡಿ ಒಂದು ಹಾಕಬೇಡ. ಅವಳು ಅಳುತ್ತಲೇ ನಕ್ಕಳು. "ಇಷ್ಟ ದಿನಾ ತಿಂದಾಳಲ್ರಿ, ಏನೂ ಅಂದಿಲ್ಲ" ಎಂದಳು. "ಅಕಿ ಭಿಡೇದಾಕಿ, ಅಂದಿರೂದಿಲ್ಲ" ಎಂದರು ಕಾಕು.

ಹೊತ್ತು ಇನ್ನೂ ಪೂರ್ತಿ ಮುಳುಗಿರಲಿಲ್ಲ. ಹೊಲದ ಅವ್ವ ಗುಡಿಸಲಿನಿಂದ ಬಿಸಿ ರೊಟ್ಟಿ, ಹೊಸ ಬೆಲ್ಲ, ಶೇಂಗಾ ತಂದಳು. ಬೇರೆಯವರ ಮನೆಯಲ್ಲಿ ನೀರನ್ನೂ ಸೋಸದೆ ಮುಟ್ಟದ ಕಾಕು, ಸೆರಗಿನ ತುದಿಯಲ್ಲಿ ನೀರು ಸೋಸಿಕೊಂಡು, ಮುತ್ತಜ್ಜಿಯ ಮುಂದೆ ಕಾಲು ಮಡಿಸಿ ಕೂತು, ಎರಡು ರೊಟ್ಟಿ ಉಂಡರು. ಬೆಲ್ಲದ ಜಿಗುಟು ಕೈ ಕೌದಿಗೆ ತಾಗಿತು. ಏಳುವಾಗ ಅದನ್ನು ಅಲ್ಲೇ ಬಿಟ್ಟರು. ಚಳಿ ಐತಿ, ಇರಲಿ ಎಂದರು. ಕಲ್ಲಿಗೋ ಹೊಲದ ಅವ್ವನಿಗೋ, ಹೇಳಲಿಲ್ಲ.

ಕಾರಿನ ಹತ್ತಿರ ಬಂದ ಮೇಲೆ ಗೊತ್ತಾಯಿತು ಫಜೀತಿ. ದಿಂಬು ಮನೆಯಲ್ಲೇ ಉಳಿದಿತ್ತು, ಕೌದಿ ಇಲ್ಲದೆ ಕೂತರೆ ಕಾಕುವಿಗೆ ಸ್ಟೀರಿಂಗಿನ ಮೇಲಿನಿಂದ ರಸ್ತೆಯೇ ಕಾಣುತ್ತಿಲ್ಲ! ಹೋಗಿ ತರುತ್ತೇನೆ ಎಂದೆ. ಕೊಟ್ಟದ್ದನ್ನು ತಿರುಗಿ ಇಸಿದುಕೊಳ್ಳುತ್ತಾರೇನು ಎಂದು ಗದರಿದರು. ಆಮೇಲೆ ಇಳಿದು, ಆ ಕಡೆ ಸುತ್ತಿ ಹೋಗಿ, ನನ್ನ ಸೀಟಿನಲ್ಲಿ ಕೂತುಕೊಂಡರು. ಚಿಕ್ಕೋಡಿಯವರೆಗೆ ನಾನು ಓಡಿಸಿದೆ. ಮೊದಲ ಹತ್ತು ಕಿಲೋಮೀಟರು ಎರಡನೆಯ ಗೇರಿನಲ್ಲೇ, ಒಂದು ತುಂಬಿದ ಟ್ರ್ಯಾಕ್ಟರಿನ ಹಿಂದೆ. ಕಾಕು ಒಮ್ಮೆಯೂ ಹೆದರಲಿಲ್ಲ, ಯಾಕೆಂದರೆ ಹೊಟ್ಟೆ ತುಂಬಿ ನಿದ್ದೆ ಹೋಗಿದ್ದರು.

ಮರುವರ್ಷ ಒಮ್ಮೆ ನಾವಿಬ್ಬರೂ ಹೋಗಿ ಬಂದೆವು. ಆಮೇಲೆ ಅವರ ಮೊಣಕಾಲು ಹಟ ಹಿಡಿಯಿತು. ಕೊನೆಗೆ ಒಂದು ಚಳಿಗಾಲ ಜ್ವರ ಬಂದು, ನಾಲ್ಕು ದಿನ ಮಲಗಿ, ಹೋದರು. ಕಾರು ಓಡಿಸುವ ನಾನು ಇದ್ದೆ, ಹೊಲದ ಹಾದಿಯೂ ನನಗೆ ಗೊತ್ತಿತ್ತು, ಆದರೂ ಹೋಗಲಾಗಲಿಲ್ಲ... ಎಂದು ಬರೆಯಹೊರಟಿದ್ದೆ, ಅದು ಸುಳ್ಳು. ಹೋಗಲಿಲ್ಲ. ಹೊಳೆ ಏರಿದ ಸುದ್ದಿ ಟಿವಿಯಲ್ಲಿ ನೋಡಿದಾಗಲೂ ಎರಡು ದಿನ ಕಳವಳಪಟ್ಟು ಸುಮ್ಮನಾದೆ. ಈ ಅಪರಾಧ ನನ್ನದೇ.

ಹಾಗಾಗಿ ಮೊನ್ನೆ ಭಾನುವಾರ ನನ್ನ ಕಾರಿನ ಡ್ರೈವರ್ ಸೀಟಿನ ಮೇಲೆ ಆ ಕೌದಿಯನ್ನು ಎಂಟು ಮಡಿಕೆ ಮಾಡಿ ಹಾಸಿಕೊಂಡು ಹೊರಟೆ. ನಾನು ಎತ್ತರದವಳು, ತಲೆ ಕಾರಿನ ಚಾವಣಿಗೆ ತಾಗುತ್ತಿತ್ತು. ತೆಗೆಯಲಿಲ್ಲ. ಅಂಕಲಿಯ ಮೇಲಿನಿಂದ ಸೀದಾ ಹೋಗಬಹುದಿತ್ತು, ಆದರೆ ಅದೇ ಹಾದಿ ಹಿಡಿದೆ, ರಾಯಬಾಗ, ಉಗಾರ. ಮೈಲಿಗಲ್ಲು ರಸ್ತೆ ಅಗಲವಾಗುವಾಗ ಹೋಗಿದೆ. ವೀರಗಲ್ಲಿನ ಮೇಲೆ ಹೊಸ ಸ್ಟಂಪುಗಳಿದ್ದವು, ಈ ಸಲ ಹಸಿರು ಬಣ್ಣದವು.

ಶಿರಗುಪ್ಪಿಯ ಆಚೆ ಆನೆಯ ಬಾವಿಯಲ್ಲಿ ಕಮಾನಿನವರೆಗೆ ಹೂಳು ತುಂಬಿತ್ತು. ಬೇವಿನ ಗಿಡ ಇದ್ದ ಕಡೆ ಬಯಲು. ನಾನು ಬದುವಿನ ಮೇಲೆ ನಿಂತೆ. ಕಾಕು ಅಂದೇ ಆ ಕಲ್ಲನ್ನು ಒಯ್ದಿದ್ದರೆ ಬಸದಿಯ ಮೂಲೆಯಲ್ಲಾದರೂ ಉಳಿದಿರುತ್ತಿತ್ತಲ್ಲ ಎಂಬ ಒಂದೇ ಯೋಚನೆ.

"ಟೀಚರಬಾಯಿ ಹೌದಲ್ರಿ?" ಎಂದು ಯಾರೋ ಮೇಲಿನ ದಿಬ್ಬದಿಂದ ಕೂಗಿದರು. ಹೊಲದ ಅವ್ವ. ತಲೆ ಬೆಳ್ಳಗಾಗಿದೆ, ಧ್ವನಿ ಅದೇ.

ದಿಬ್ಬದ ಮೇಲೆ ಹೊಸ ಮನೆ, ಗೋಡೆಗೆ ಇನ್ನೂ ಗಿಲಾವು ಆಗಿಲ್ಲ. ಮನೆಗಿಂತ ಮೊದಲು ಮುಗಿದದ್ದು ಅದರ ಪಕ್ಕದ ಕಟ್ಟೆ. ಕಟ್ಟೆಯ ಮೇಲೆ ಮುತ್ತಜ್ಜಿ. ಬೆಳ್ಳಿ ಬಣ್ಣ ಅರ್ಧ ಕಿತ್ತು ಹೋಗಿ ಒಳಗಿನ ಕರಿಕಲ್ಲು ಕಾಣುತ್ತಿತ್ತು. ಆರೂ ಬೆರಳು ಇದ್ದವು, ನಾನು ಎಣಿಸಿದೆ. ಹಾಗೇ ಕಟ್ಟೆಯ ಮೇಲೆ ಕೂತು ಅತ್ತುಬಿಟ್ಟೆ.

ನೀರು ಬಂದ ದಿನ ಟ್ರ್ಯಾಕ್ಟರಿನಲ್ಲಿ ಜಾಗವಿದ್ದದ್ದು ಸ್ವಲ್ಪವೇ ಅಂತೆ. ಮಂದಿ ಹತ್ತಿದರು, ಎರಡು ಕರು ಹತ್ತಿಸಿದರು. ಜೋಳದ ಚೀಲಗಳನ್ನು ಇಳಿಸಿ, ಕೌದಿಯಲ್ಲಿ ಸುತ್ತಿದ ಅಜ್ಜಿಯನ್ನು ಏರಿಸಿದರು. ಎಂಟು ದಿನ ಒಂದು ಶಾಲೆಯ ಕೋಣೆಯಲ್ಲಿ, ಆಮೇಲೆ ಒಂದೂವರೆ ವರ್ಷ ಕಾಗವಾಡದಲ್ಲಿ ನಾದಿನಿಯ ಮನೆಯಲ್ಲಿ. ಈ ತಿಂಗಳು ಮರಳಿ ಬಂದು, ಕಟ್ಟೆ ಕಟ್ಟಿ, ಅಜ್ಜಿಯನ್ನು ಕೂರಿಸಿ, ಕೌದಿಯನ್ನು ಒಗೆದು ಬಿಸಿಲಿಗೆ ಹಾಕಿದಾಗ ಅವಳಿಗೆ ಹೊಳೆಯಿತಂತೆ. "ಕೌದಿ ಕಳ್ಸಿದ್ರ ಕಾಕುರು ಸಿಟ್ಟಿಗೆದ್ದಾದ್ರೂ ಬರ್ತಾರ, ಯಾಕ ಕಳ್ಸಿದಿ ಬೇ ಅಂತ ಬೈಯ್ಯಾಕ" ಎಂದು ನನ್ನ ಹಿಂದೆ, ಕಾರಿನ ಕಡೆ ನೋಡಿದಳು.

ಕಾಕು ಇಲ್ಲ ಎಂದು ನಾನು ಹೇಳಬೇಕಾಯಿತು. ದೂರದಲ್ಲಿ ಕಬ್ಬಿನ ಗಾಡಿಯೊಂದು ಏರು ಹತ್ತಲಾರದೆ ಏದುಸಿರು ಬಿಡುತ್ತಿತ್ತು. ನಾನು ಕೌದಿಯನ್ನು ತಂದು ಕಟ್ಟೆಯ ಮೇಲೆ ಮತ್ತೆ ಇಟ್ಟೆ, ಅವಳು ಬೇಡ ಎನ್ನಲಿಲ್ಲ. ಎದ್ದು ಒಳಗೆ ಹೋದಳು. ಬಿಸಿ ರೊಟ್ಟಿ, ಜುಣಕ ಹಾಕಿದ ತಾಟು ತಂದು ಪಾದಗಳ ಮುಂದೆ ಇಟ್ಟಳು. ಆಮೇಲೆ ಅಂಥದ್ದೇ ಇನ್ನೊಂದು ತಾಟು ತಂದು ಅದರ ಪಕ್ಕದಲ್ಲಿ, ಕೌದಿಯ ಹತ್ತಿರ ಇಟ್ಟಳು. ನನಗಿರಬೇಕು ಎಂದು ಕೈ ಮುಂದೆ ಮಾಡಿದೆ. ಅವಳು ನನ್ನ ಕಡೆ ನೋಡಲೇ ಇಲ್ಲ.

"ಉಳ್ಳಾಗಡ್ಡಿ ಹಾಕಿಲ್ರಿ ಕಾಕು" ಎಂದಳು, "ಹೊತ್ತು ಇನ್ನೂ ಐತಿ, ಉಣ್ಣರ್ರಿ."